ಬಾಗಿಲು ತೆರೆಯೋದು ಯಾರ ಅಗತ್ಯಕ್ಕೆ?

ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಗಿ, ಹುತ್ತರಿ ಹಬ್ಬ ಹತ್ತಿರ ಬರುವ ಹೊತ್ತಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಇನ್ನೊಂದು ಸೀಸನ್ ನಡೀತಾ ಇರುತ್ತೆ. ಅದು ರೆಸಿಡೆನ್ಸಿ ಇಂಟರ್‌ವ್ಯೂ ಸೀಸನ್. ರೆಸಿಡೆನ್ಸಿ ಅಂದ್ರೆ ನಮ್ಮ ಎಂಡಿ, ಎಂಎಸ್ ಇದ್ದ ಹಾಗೆ. ಡಾಕ್ಟರ್ ಆದವರು ಸಂಬಳ ಪಡೆಯುತ್ತಲೇ ತಜ್ಞರಾಗುವ ತರಬೇತಿ. 2020ರವರೆಗೆ ಈ ಸಂದರ್ಶನಕ್ಕೆ ವೀಸಾ ಮಾಡಿಸಿ, ವಿಮಾನ ಹತ್ತಿ, ಊರೂರು ಸುತ್ತಬೇಕಿತ್ತು. ಕೊರೋನಾ ಬಂದಮೇಲೆ ಬಹುತೇಕ ಎಲ್ಲವೂ ಕ್ಯಾಮೆರಾ ಮುಂದೆಯೇ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಎಂಟು ಗಂಟೆ ಅಂದ್ರೆ ವಿರಾಜಪೇಟೆಯಲ್ಲಿ ಸಂಜೆ ಆರೂವರೆ. ಆ ಕಡೆಯಿಂದ ಬರುವ ಖಾಯಂ ಪ್ರಶ್ನೆ ಒಂದೇ: 'ನಮ್ಮ ಆಸ್ಪತ್ರೆಯೇ ಯಾಕೆ?'

ಇಲ್ಲಿ ಊರಿಗೇ ಡಾಕ್ಟರ್ ಅನ್ನಿಸಿಕೊಂಡವರು ಅಲ್ಲಿಯ ಕಡತದಲ್ಲಿ 'ವಿದೇಶಿ ಪದವೀಧರರು'. ಅವರ ಪರೀಕ್ಷೆಗಳನ್ನು ಪಾಸ್ ಮಾಡಬೇಕು, ಅರ್ಜಿ ಹಾಕಬೇಕು, ಸಂದರ್ಶನಕ್ಕೆ ಕರೆ ಬರಬೇಕು. ಆಮೇಲೆ ಅಭ್ಯರ್ಥಿಗಳು ತಮಗೆ ಇಷ್ಟವಾದ ಆಸ್ಪತ್ರೆಗಳ ಪಟ್ಟಿ ಕೊಡ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳ ಪಟ್ಟಿ ಕೊಡ್ತವೆ. ಎರಡನ್ನೂ ಕಂಪ್ಯೂಟರ್ ಜೋಡಿಸುತ್ತೆ. ಇದಕ್ಕೆ 'ಮ್ಯಾಚ್' ಅಂತ ಹೆಸರು. 1952ರಿಂದ ನಡೆದುಬಂದಿರುವ ವ್ಯವಸ್ಥೆ ಇದು.

ನಾನು ಇಂಜಿನಿಯರಿಂಗ್ ಓದಿದವನು. ಈ ಜೋಡಣೆಯ ಲೆಕ್ಕ ನೋಡಿದರೆ ನನಗೆ ಈಗಲೂ ಖುಷಿಯಾಗುತ್ತೆ. ಇದರ ಹಿಂದಿನ ಗಣಿತವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಬರೆದಿಟ್ಟರು. 1990ರ ದಶಕದಲ್ಲಿ ಮ್ಯಾಚ್‌ನ ಲೆಕ್ಕವನ್ನು ತಿದ್ದಿ ರೂಪಿಸಿದವರಲ್ಲಿ ಆಲ್ವಿನ್ ರಾತ್ ಒಬ್ಬರು. ಶಾಪ್ಲಿ ಮತ್ತು ರಾತ್ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಯಂತ್ರಕ್ಕೆ ವಶೀಲಿ ಗೊತ್ತಿಲ್ಲ, ದೇಶವೂ ಗೊತ್ತಿಲ್ಲ. ಆದರೆ ಯಂತ್ರಕ್ಕೆ ಪಟ್ಟಿ ಬರೆದುಕೊಡೋದು ಮನುಷ್ಯರು ತಾನೇ? 2024ರಲ್ಲಿ ಅಮೆರಿಕದ ಎಂಡಿ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 93.5ರಷ್ಟು ಮಂದಿಗೆ ಸೀಟು ಸಿಕ್ಕಿತು. ಅಮೆರಿಕದ ಪೌರತ್ವ ಇಲ್ಲದ ವಿದೇಶಿ ಪದವೀಧರರಲ್ಲಿ ಸಿಕ್ಕಿದ್ದು ಶೇ. 58.5ರಷ್ಟು ಮಂದಿಗೆ.

'ಪ್ರತಿಭೆ ಇದ್ದವರಿಗೆ ಬಾಗಿಲು ತೆರೆಯುತ್ತೆ' ಅಂತ ನಾವು ಮಕ್ಕಳಿಗೆ ಹೇಳಿಕೊಡ್ತೀವಿ. ಸುಳ್ಳಲ್ಲ, ಆದರೆ ಅದು ಅರ್ಧ ಸತ್ಯ. ಇತಿಹಾಸ ತೆಗೆದು ನೋಡಿದರೆ ಬಾಗಿಲು ತೆರೆದಿದ್ದು ಒಳಗಿದ್ದವರಿಗೆ ಅಗತ್ಯ ಬಿದ್ದಾಗ.

ಕೊಡಗಿಗೆ ಈ ಪಾಠ ಹೊಸದಲ್ಲ. ಮೊದಲ ಮಹಾಯುದ್ಧಕ್ಕೂ ಮುಂಚೆ ಭಾರತೀಯರು ಬ್ರಿಟಿಷರ ಸರಿಸಮಾನ ಸೇನಾಧಿಕಾರಿ ಆಗುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸೈನಿಕರು ಬೇಕಾದರು, ಬಾಗಿಲು ಸ್ವಲ್ಪ ತೆರೆಯಿತು. ಇಂದೋರ್‌ನ ಡೇಲಿ ಕಾಲೇಜಿನಲ್ಲಿ ತರಬೇತಾಗಿ 1919ರಲ್ಲಿ ಅಧಿಕಾರಿಯಾದ ಮೊದಲ ತಂಡದಲ್ಲೇ ನಮ್ಮ ಕೆ.ಎಂ. ಕಾರ್ಯಪ್ಪ ಇದ್ದರು. ಹಾಗಾದ್ರೆ 1913ರಲ್ಲಿ ಕೊಡಗಿನಲ್ಲಿ ಶೂರರೇ ಇರಲಿಲ್ಲವಾ? ಇದ್ದರು. ಲಂಡನ್ನಿಗೆ ಅವರು ಬೇಕಾಗಿರಲಿಲ್ಲ, ಅಷ್ಟೇ.

ವೈದ್ಯರ ಕಥೆಯೂ ಹೀಗೇ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಅದೇ 1930ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್, ಭಾರತದ ವೈದ್ಯ ಪದವಿಗಳಿಗೆ ಕೊಟ್ಟಿದ್ದ ಮಾನ್ಯತೆ ವಾಪಸ್ ಪಡೆಯಿತು. ನಮ್ಮಲ್ಲಿ 1933ರ ವೈದ್ಯಕೀಯ ಮಂಡಳಿ ಕಾಯ್ದೆ ಬಂದಿದ್ದಕ್ಕೆ ಆ ಜಗಳವೂ ಒಂದು ಕಾರಣ. 1948ರಲ್ಲಿ ಬ್ರಿಟನ್ ತನ್ನ ಜನರಿಗೆಲ್ಲ ಉಚಿತ ಚಿಕಿತ್ಸೆಯ ಯೋಜನೆ ತಂದಿತು. ಡಾಕ್ಟರ್‌ಗಳು ಸಾಲಲಿಲ್ಲ. 60ರ ದಶಕದ ಹೊತ್ತಿಗೆ ಭಾರತೀಯ ವೈದ್ಯರಿಲ್ಲದೆ ಅಲ್ಲಿನ ಆಸ್ಪತ್ರೆ ನಡೆಯೋದೇ ಕಷ್ಟವಾಯಿತು. 1975ರಲ್ಲಿ ಮತ್ತೆ ನಮ್ಮ ಪದವಿಗಳ ಮಾನ್ಯತೆ ಹೋಯಿತು.

ಅಮೆರಿಕ ನೋಡಿ. 1965ರಲ್ಲಿ ವೃದ್ಧರು ಮತ್ತು ಬಡವರಿಗೆ ಸರ್ಕಾರವೇ ಚಿಕಿತ್ಸೆಯ ಹಣ ಕೊಡುವ ಕಾನೂನು ಬಂತು, ಅದೇ ವರ್ಷ ವಲಸೆ ಕಾನೂನೂ ಸಡಿಲವಾಯಿತು. ನಮ್ಮವರು ಹೋದರು. 1976ರ ಕಾನೂನು, ದೇಶದಲ್ಲಿ ಇನ್ನು ವೈದ್ಯರ ಕೊರತೆ ಇಲ್ಲ ಎಂದು ಸಾರಿ ಬಿಗಿ ಮಾಡಿತು. ಹಳ್ಳಿಗಳಲ್ಲಿ ಡಾಕ್ಟರ್ ಸಿಗೋದಿಲ್ಲ ಅನ್ನೋದು ಸ್ಪಷ್ಟವಾದ ಮೇಲೆ, 1994ರಲ್ಲಿ ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಹೆಸರಿನ ಯೋಜನೆ ಬಂತು. ಜೆ-1 ವೀಸಾದಲ್ಲಿ ತರಬೇತಿಗೆ ಹೋದ ವೈದ್ಯರು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು ಅನ್ನೋದು ನಿಯಮ. ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಅದರಿಂದ ವಿನಾಯಿತಿ. 1965 ಮತ್ತು 1976ರ ನಡುವೆ ಮೈಸೂರಿನ ಎಂಬಿಬಿಎಸ್ ಕೆಟ್ಟುಹೋಗಿರಲಿಲ್ಲ. ಬದಲಾಗಿದ್ದು ಅವರ ಅಗತ್ಯ.

ಹಾಗಂತ ಪರೀಕ್ಷೆ, ಸಂದರ್ಶನ ಬೇಡ ಅಂತ ನಾನು ಹೇಳ್ತಿಲ್ಲ. ರೋಗಿಯ ಜೀವ ಕೈಯಲ್ಲಿ ಹಿಡಿಯುವವರನ್ನು ಯಾವ ದೇಶವಾದರೂ ಪರೀಕ್ಷಿಸಲೇಬೇಕು. ಹೋಗುವ ಮಕ್ಕಳನ್ನು ದೂರುವುದೂ ಸರಿಯಲ್ಲ. ಆದರೆ ಇಂಟರ್‌ವ್ಯೂನಲ್ಲಿ ಸೋತವರು 'ನನ್ನಲ್ಲೇ ಕೊರತೆ' ಅಂದುಕೊಳ್ಳುವ ಮುನ್ನ ಈ ಇತಿಹಾಸ ತಿಳಿದಿರಲಿ. ಗೆದ್ದವರಿಗೂ ತಿಳಿದಿರಲಿ.

ಇನ್ನೊಂದು ಕಾಗದದ ಬಗ್ಗೆ ಹೇಳಲೇಬೇಕು. ಜೆ-1 ವೀಸಾ ಬೇಕಾದರೆ ಭಾರತ ಸರ್ಕಾರದ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ತರಬೇಕು. ಅದರ ಸಾರ ಇಷ್ಟೇ: ಈ ವಿಭಾಗದ ತಜ್ಞರ ಅಗತ್ಯ ನಮ್ಮ ದೇಶಕ್ಕಿದೆ, ತರಬೇತಿ ಮುಗಿಸಿ ಇವರು ಮರಳಿ ಬರುತ್ತೇವೆ ಎಂದು ಬರೆದುಕೊಟ್ಟಿದ್ದಾರೆ. ನಮಗೆ ಅಗತ್ಯವಿದೆ ಅಂತ ನಾವೇ ಸಹಿ ಹಾಕಿ ಕಳಿಸ್ತೀವಿ!

ಆ ಅಗತ್ಯ ಹೇಗಿರುತ್ತೆ ಅಂತ ಕೊಡಗಿನವರನ್ನು ಕೇಳಿ. ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದೇ 2016ರಲ್ಲಿ. ದೊಡ್ಡ ಕಾಯಿಲೆ ಅಂದ್ರೆ ಮೈಸೂರು, ಇಲ್ಲವೇ ಮಂಗಳೂರು. ಎರಡೂ ನೂರು ಕಿಲೋಮೀಟರ್‌ಗಿಂತ ದೂರ. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಕುಸಿದಾಗ ಮಂಗಳೂರಿನ ನೇರ ದಾರಿಯೂ ಕಡಿದುಹೋಯಿತು. ರಸ್ತೆ ಕಡಿದಾಗ ತಜ್ಞ ವೈದ್ಯರು ಬೆಟ್ಟದ ಯಾವ ಬದಿಯಲ್ಲಿದ್ದಾರೆ ಅನ್ನೋದೇ ಜೀವ–ಸಾವಿನ ಪ್ರಶ್ನೆ.

ಅಮೆರಿಕ ತನ್ನ ಹಳ್ಳಿಗೆ ವೈದ್ಯರನ್ನು ಸೆಳೆಯೋಕೆ ವೀಸಾ ವಿನಾಯಿತಿ ಕೊಟ್ಟಿತು. ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಅವರು ಆಸೆ ತೋರಿಸಿ ಕರೀತಾರೆ, ನಾವು ಕಾನೂನು ತೋರಿಸಿ ಕಳಿಸ್ತೀವಿ. ಕಾನೂನಿನ ಅವಧಿ ಮುಗಿದ ಮರುದಿನ ಆ ವೈದ್ಯರನ್ನು ಉಳಿಸಿಕೊಳ್ಳೋದು ಯಾವುದು? ಖಾಯಂ ಹುದ್ದೆ, ವಾಸಕ್ಕೆ ಒಳ್ಳೆಯ ಮನೆ, ಕೆಲಸ ಮಾಡುವ ಯಂತ್ರ, ಜೊತೆಗೆ ಅರಿವಳಿಕೆ ತಜ್ಞರು, ನರ್ಸ್‌ಗಳು. ಇಷ್ಟನ್ನು ಸಿದ್ಧ ಮಾಡಿಟ್ಟರೆ ಮಾತ್ರ 'ಅಗತ್ಯವಿದೆ' ಅಂತ ನಾವು ಹಾಕುವ ಸಹಿಗೆ ಬೆಲೆ.