ವೈದ್ಯಕೀಯ ಹಾಗೂ ಆರೋಗ್ಯ ವಿಜ್ಞಾನ ಕೋರ್ಸುಗಳ ಪ್ರವೇಶ: ಶಿಫಾರಸು ಪತ್ರ ಮತ್ತು ವ್ಯಾಸಂಗ ಪ್ರಮಾಣ ಪತ್ರಗಳ ಬಗ್ಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

ವೈದ್ಯಕೀಯ, ದಂತ ವೈದ್ಯಕೀಯ, ಆಯುಷ್ ಮುಂತಾದ ಕೋರ್ಸುಗಳಿಗೆ ಸೇರಬಯಸುವ ವಿದ್ಯಾರ್ಥಿಗಳ ಪೋಷಕರು ಜನಪ್ರತಿನಿಧಿಗಳ ಅಥವಾ ಊರಿನ ಗಣ್ಯರ ಶಿಫಾರಸು ಪತ್ರ ಪಡೆಯಲು ಅಲೆಯುವುದುಂಟು. ರಾಜ್ಯದ ಸರ್ಕಾರಿ ಕೋಟಾದ ಸೀಟುಗಳ ಹಂಚಿಕೆಯಲ್ಲಿ ಇಂತಹ ಪತ್ರಕ್ಕೆ ಯಾವುದೇ ಸ್ಥಾನವಿರುವುದಿಲ್ಲ. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಜಾರಿಗೆ ಬಂದಂದಿನಿಂದ ಈ ಸೀಟುಗಳನ್ನು ರ್‍ಯಾಂಕ್ ಆಧಾರದ ಮೇಲೆಯೇ ನೀಡಲಾಗುತ್ತಿದೆ. ಈಗ ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ಮತ್ತು ಆಯುರ್ವೇದ, ಹೋಮಿಯೋಪಥಿ ಪದವಿಗಳಿಗೆ ನೀಟ್ ರ್‍ಯಾಂಕ್ ಅನ್ವಯವಾಗುತ್ತದೆ. ಬಿ.ಫಾರ್ಮಾ ಪದವಿಗೆ ರಾಜ್ಯದ ಸಿ.ಇ.ಟಿ. ರ್‍ಯಾಂಕ್ ಅನ್ವಯ. ಸೀಟು ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ.

ಪ್ರಾಧಿಕಾರವು ಕೇಳುವುದು ಶಿಫಾರಸನ್ನಲ್ಲ, ದೃಢೀಕರಣವನ್ನು. ಅದನ್ನು ನೀಡಬೇಕಾದವರು ಅಭ್ಯರ್ಥಿಯು ಓದಿದ ಶಾಲೆಯ ಮುಖ್ಯೋಪಾಧ್ಯಾಯರು. ಅದಕ್ಕೆ ಮೇಲುರುಜು ಮಾಡಬೇಕಾದವರು ಆ ಶಾಲೆ ಯಾವ ವಲಯಕ್ಕೆ ಸೇರಿದೆಯೋ ಆ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಉತ್ತಮ ರ್‍ಯಾಂಕ್ ಪಡೆದಿದ್ದರೂ ಈ ಒಂದು ಹಾಳೆಯ ಕೊರತೆಯಿಂದ ಮೀಸಲಾತಿ ಕಳೆದುಕೊಳ್ಳುವ ಸಾಧ್ಯತೆಯಿರುವುದರಿಂದ ಇದನ್ನು ವಿವರವಾಗಿ ತಿಳಿಸಲಾಗಿದೆ.

ಗ್ರಾಮೀಣ ಮೀಸಲಾತಿ

ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ 10 ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ. 15ರಷ್ಟು ಸೀಟುಗಳು ಮೀಸಲಾಗಿವೆ. ಇಲ್ಲಿ ಪರಿಗಣಿಸುವುದು ಶಾಲೆ ಇರುವ ಸ್ಥಳವನ್ನೇ ಹೊರತು ಅಭ್ಯರ್ಥಿಯ ಮನೆ ಇರುವ ಸ್ಥಳವನ್ನಲ್ಲ. ಈ ವ್ಯತ್ಯಾಸವನ್ನು ಅರಿಯದೆ ನಿರಾಶರಾಗುವವರೇ ಹೆಚ್ಚು.

ಬಂಟ್ವಾಳ ಮತ್ತು ಮೂಡುಬಿದಿರೆಗಳು ಪುರಸಭೆಗಳು. ಬೆಳ್ತಂಗಡಿ ಪೇಟೆಯು ಪಟ್ಟಣ ಪಂಚಾಯಿತಿಗೆ ಸೇರಿದೆ. ಏಳನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿ, ಪ್ರೌಢಶಾಲೆಗೆ ಮೂಡುಬಿದಿರೆ ಪೇಟೆಗೋ ಬಿ.ಸಿ. ರೋಡಿಗೋ ಬಂದ ವಿದ್ಯಾರ್ಥಿಯು ಪ್ರತಿದಿನ ಹಳ್ಳಿಯ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿದ್ದರೂ ಈ ಮೀಸಲಾತಿಗೆ ಅರ್ಹನಾಗುವುದಿಲ್ಲ. ಉಜಿರೆಯು ದೊಡ್ಡ ಶಿಕ್ಷಣ ಕೇಂದ್ರವಾಗಿದ್ದರೂ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿರುವುದರಿಂದ ಅಲ್ಲಿನ ಶಾಲೆಗಳ ಸ್ಥಿತಿ ಬೇರೆ. ವಿಟ್ಲವು ಹಿಂದೆ ಗ್ರಾಮ ಪಂಚಾಯಿತಿಯಾಗಿದ್ದು ಈಗ ಪಟ್ಟಣ ಪಂಚಾಯಿತಿಯಾಗಿದೆ. ಅಲ್ಲಿ ಓದಿದವರು ತಮ್ಮ ವ್ಯಾಸಂಗದ ವರ್ಷಗಳನ್ನು ತೋರಿಸಿ ಅರ್ಜಿ ಸಲ್ಲಿಸುವುದಕ್ಕೆ ಮೊದಲೇ ಬಂಟ್ವಾಳ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಸಾಮಾನ್ಯ ವರ್ಗದ ಅಭ್ಯರ್ಥಿಗಳು ಗ್ರಾಮೀಣ ಮೀಸಲಾತಿ ಕೋರಿದಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ತಹಶೀಲ್ದಾರರ ಪ್ರಮಾಣ ಪತ್ರವನ್ನೂ ಹೊಂದಿರಬೇಕು. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಪ್ರತ್ಯೇಕವಾಗಿದ್ದು, ಅದಕ್ಕೆ ಶಾಲೆ ಇರುವ ಸ್ಥಳದ ನಿರ್ಬಂಧವಿಲ್ಲ.

ಪ್ರಮಾಣ ಪತ್ರ ಪಡೆಯುವಾಗ ಗಮನಿಸಬೇಕಾದುದು

ಎರಡು ಮೂರು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ಪ್ರತ್ಯೇಕ ವ್ಯಾಸಂಗ ಪ್ರಮಾಣ ಪತ್ರ ಪಡೆಯಬೇಕು. ವರ್ಷಗಳ ನಡುವೆ ಅಂತರ ಬರಬಾರದು. ಹೆಸರಿನ ಅಕ್ಷರಗಳು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು. ಶಾಲೆಯು ಮುಚ್ಚಿದ್ದರೆ ಅಥವಾ ಬೇರೆ ಶಾಲೆಯೊಂದಿಗೆ ವಿಲೀನಗೊಂಡಿದ್ದರೆ ಅದರ ದಾಖಲಾತಿ ವಹಿ ಎಲ್ಲಿದೆಯೆಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ತಿಳಿಯಬೇಕಾಗುತ್ತದೆ. ಇದಕ್ಕೆ ದಿನಗಳು ಹಿಡಿಯುವುದರಿಂದ ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲೇ ಕೆಲಸ ಆರಂಭಿಸುವುದು ಸೂಕ್ತ.

ಮೂಡುಬಿದಿರೆಯು ಹಿಂದೆ ಮಂಗಳೂರು ತಾಲ್ಲೂಕಿನ ಭಾಗವಾಗಿದ್ದರೂ ಶಿಕ್ಷಣ ಇಲಾಖೆಯಲ್ಲಿ ಪ್ರತ್ಯೇಕ ವಲಯವಾಗಿತ್ತು. ಆದುದರಿಂದ ಹಳೆಯ ದಾಖಲೆಯಲ್ಲಿ ಮಂಗಳೂರು ತಾಲ್ಲೂಕು ಎಂದಿದ್ದ ಮಾತ್ರಕ್ಕೆ ಮೇಲುರುಜಿಗಾಗಿ ಮಂಗಳೂರಿಗೆ ಹೋಗುವ ಅಗತ್ಯವಿಲ್ಲ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಿಗೆ ಆಯಾ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು: ಬಂಟ್ವಾಳ ತಾಲ್ಲೂಕಿನಲ್ಲಿ ಬಂಟ್ವಾಳ, ಪಾಣೆಮಂಗಳೂರು, ವಿಟ್ಲ, ಬೆಳ್ತಂಗಡಿ ತಾಲ್ಲೂಕಿನಲ್ಲಿ ಬೆಳ್ತಂಗಡಿ, ವೇಣೂರು, ಕೊಕ್ಕಡ. ಪ್ರಮಾಣ ಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ಪ್ರವೇಶ ಅರ್ಜಿಯಲ್ಲಿ ತಪ್ಪಿಲ್ಲದೆ ನಮೂದಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಹಲವು ವಿವರಗಳನ್ನು ಆನ್‌ಲೈನ್ ಮೂಲಕವೇ ಪರಿಶೀಲಿಸಲಾಗುತ್ತಿದ್ದರೂ ಮೂಲ ಪ್ರತಿಗಳನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.

ಕೇರಳದ ಗಡಿಗೆ ಹೊಂದಿರುವ ಬಂಟ್ವಾಳ ತಾಲ್ಲೂಕಿನ ಗ್ರಾಮಗಳಲ್ಲಿ, ಕೆಲವು ವರ್ಷ ಮಂಜೇಶ್ವರದ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳಿರಬಹುದು. ಅಂಥವರು ಮೊದಲು ಕರ್ನಾಟಕದಲ್ಲಿ ಓದಿದ ವರ್ಷಗಳನ್ನು ಲೆಕ್ಕ ಹಾಕಬೇಕು. ಸಾಮಾನ್ಯ ಅರ್ಹತೆಗೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ 7 ಪೂರ್ಣ ವರ್ಷ ರಾಜ್ಯದಲ್ಲಿ ಓದಿರಬೇಕು. ಅಷ್ಟು ಇಲ್ಲದಿದ್ದಲ್ಲಿ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗಾಗಿ ಇರುವ ಗಡಿನಾಡ ಕನ್ನಡಿಗರ ಅವಕಾಶವನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳುವುದು.

ಶಿಫಾರಸು ಪತ್ರ ನಿಜವಾಗಿ ಬೇಕಾಗುವ ಸಂದರ್ಭ

ನರ್ಸಿಂಗ್, ಫಿಸಿಯೋಥೆರಪಿ, ವೈದ್ಯಕೀಯ ಪದವಿ ಮುಗಿಸಿ ಸಾರ್ವಜನಿಕ ಆರೋಗ್ಯ ಮುಂತಾದ ವಿಷಯಗಳಲ್ಲಿ ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಪತ್ರಗಳು ಬೇಕಾಗುತ್ತವೆ. ಇಲ್ಲಿ ರುಜು ಮಾಡುವವರ ಹುದ್ದೆಗಿಂತ ಅವರಿಗೆ ಅಭ್ಯರ್ಥಿಯ ಕೆಲಸದ ಪರಿಚಯ ಎಷ್ಟಿದೆ ಎಂಬುದೇ ಮುಖ್ಯ. ಒಮ್ಮೆಯೂ ಪಾಠ ಮಾಡದ ಪ್ರಾಂಶುಪಾಲರ ನಾಲ್ಕು ಸಾಲಿಗಿಂತ, ವಾರ್ಡಿನಲ್ಲಿ ಕೆಲಸ ಕಲಿಸಿದ ಅಧ್ಯಾಪಕಿಯ ಅಥವಾ ಸಮುದಾಯ ಆರೋಗ್ಯ ತರಬೇತಿಯ ಅವಧಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೇಲ್ವಿಚಾರಣೆ ನಡೆಸಿದ ವೈದ್ಯಾಧಿಕಾರಿಯ ಪತ್ರಕ್ಕೆ ಹೆಚ್ಚು ಬೆಲೆಯಿದೆ. ಬಂಧುಗಳ ಪತ್ರವನ್ನು ಪರಿಗಣಿಸುವುದಿಲ್ಲ.

ಅಭ್ಯರ್ಥಿಯೇ ಪತ್ರ ಬರೆದು ಗುರುಗಳ ರುಜು ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಇದನ್ನು ಕೈಬಿಡಬೇಕು. ಇಂದು ಬಹುತೇಕ ವಿದೇಶಿ ವಿಶ್ವವಿದ್ಯಾಲಯಗಳು ಪತ್ರವನ್ನು ಬರೆದವರಿಂದಲೇ, ಅವರ ಸಂಸ್ಥೆಯ ಇ-ಮೇಲ್ ವಿಳಾಸದ ಮೂಲಕ ನೇರವಾಗಿ ಪಡೆಯುತ್ತವೆ. ಅಮೆರಿಕದಲ್ಲಿ ವೈದ್ಯಕೀಯ ರೆಸಿಡೆನ್ಸಿಗೆ ಅರ್ಜಿ ಸಲ್ಲಿಸುವಾಗಲೂ ಪತ್ರವನ್ನು ಜಾಲತಾಣಕ್ಕೆ ಏರಿಸುವವರು ವೈದ್ಯರೇ ಹೊರತು ಅಭ್ಯರ್ಥಿಯಲ್ಲ. ಪತ್ರ ಕೋರುವವರು ಅಂಕಪಟ್ಟಿಯ ಪ್ರತಿ, ತಾವು ಮಾಡಿದ ಕೆಲಸದ ವಿವರ, ಕೋರ್ಸಿನ ಹೆಸರು ಮತ್ತು ಕೊನೆಯ ದಿನಾಂಕವನ್ನು ಬರವಣಿಗೆಯಲ್ಲಿ ಕೊಟ್ಟು, ಕನಿಷ್ಠ ಒಂದು ತಿಂಗಳ ಕಾಲಾವಕಾಶ ನೀಡುವುದು ಉಚಿತ. ಬರೆಯಲು ಒಪ್ಪದವರನ್ನು ಒತ್ತಾಯಿಸಿ ಪಡೆದ ಪತ್ರದಿಂದ ಪ್ರಯೋಜನವಿಲ್ಲ.

ಎಂ.ಬಿ.ಬಿ.ಎಸ್. ಪದವಿಯನ್ನೇ ವಿದೇಶದಲ್ಲಿ ಓದಿ ಮರಳಿ ಇಲ್ಲಿ ವೃತ್ತಿ ನಡೆಸಬಯಸುವವರು ಮೊದಲು ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕೆಂಬ ನಿಯಮವು 2018ರಿಂದ ಜಾರಿಯಲ್ಲಿದೆ. ಯಾವ ಶಿಫಾರಸೂ ಇದಕ್ಕೆ ಬದಲಿಯಾಗುವುದಿಲ್ಲ. ಸೀಟು ಕೊಡಿಸುವುದಾಗಿ ಹೇಳಿ ಶಿಫಾರಸಿನ ಹೆಸರಿನಲ್ಲಿ ಯಾರಾದರೂ ಹಣ ಕೇಳಿದಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡುವುದು.