ಉಳುಕಿದ ಕಾಲಿನ ಚರಿತ್ರೆ

ಮೂಳೆ ಮುರಿದವನಿಗೆ ಸಿಗುವ ಮರ್ಯಾದೆ ಕಾಲು ಉಳುಕಿದವನಿಗೆ ಎಂದೂ ಸಿಕ್ಕಿಲ್ಲ. 'ಬರೀ ಉಳುಕು ತಾನೇ' ಎಂದು ಮನೆಮಂದಿ ಸಮಾಧಾನಪಟ್ಟು ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತಾರೆ. ನಾನೂ ಹಾಗೆಯೇ ಎಣಿಸಿದ್ದವನು. 1990ರ ದಶಕದಲ್ಲೊಮ್ಮೆ ಶಾಲೆಯ ಮೈದಾನದಲ್ಲಿ ಪಾದ ಮಗುಚಿಬಿದ್ದ ಕಬಡ್ಡಿ ಹುಡುಗನೊಬ್ಬನಿಗೆ ಮಂಜುಗಡ್ಡೆ ಇಡಿಸಿ, ಮೂರು ವಾರ ಕಾಲನ್ನು ನೆಲಕ್ಕೆ ಊರಕೂಡದೆಂದು ಅಪ್ಪಣೆ ಮಾಡಿದ್ದೆ. ಊತ ಇಳಿಯಿತು, ಹುಡುಗ ಆಟಕ್ಕೆ ಮರಳಿದ. ಆದರೆ ಅದೇ ವರ್ಷ ಅದೇ ಕಾಲು ಮತ್ತೆರಡು ಬಾರಿ ಉಳುಕಿತು. ಅವನು ಕಬಡ್ಡಿಯನ್ನೇ ಬಿಟ್ಟ. ನನ್ನ ಅಪ್ಪಣೆಯಲ್ಲಿ ತಪ್ಪೇನಿತ್ತೆಂಬುದು ಈ ಚಿಕಿತ್ಸೆಯ ಚರಿತ್ರೆಯನ್ನು ಓದಿದ ಮೇಲಷ್ಟೇ ತಿಳಿಯಿತು.

ಉಳುಕೆಂದರೆ ನರ ಹೊರಳಿದ್ದು ಎಂಬುದು ನಮ್ಮ ಕಡೆಯ ವಾಡಿಕೆಯ ಮಾತು. ವಾಸ್ತವವಾಗಿ ಪೆಟ್ಟಾಗುವುದು ಎಲುಬಿಗೆ ಎಲುಬನ್ನು ಬಿಗಿದಿಡುವ ಅಸ್ಥಿರಜ್ಜುಗಳಿಗೆ. ಪಾದ ಒಳಕ್ಕೆ ಮಗುಚಿದಾಗ ಕಾಲಿನ ಹರಡಿನ ಹೊರಬದಿಯ ರಜ್ಜುಗಳು ಹಿಗ್ಗುತ್ತವೆ, ಇಲ್ಲವೇ ಹರಿಯುತ್ತವೆ.

ಕೀಲಿನ ಪೆಟ್ಟುಗಳ ವಿಷಯದಲ್ಲಿ ನಮ್ಮ ಸುಶ್ರುತನು ಬಹಳ ಹಿಂದೆಯೇ ಎಚ್ಚರಿಕೆಯಿಂದ ಯೋಚಿಸಿದ್ದನು. ಮೂಳೆ ಮುರಿತವನ್ನೂ ಕೀಲು ತಪ್ಪುವುದನ್ನೂ ಬೇರ್ಪಡಿಸಿ, ಎರಡನೆಯದರಲ್ಲಿ ಆರು ಬಗೆಗಳನ್ನು ಹೇಳುತ್ತಾನೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಊತವೂ ನೋವೂ ಹೆಚ್ಚುವುವು ಎನ್ನುತ್ತಾನೆ. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ 5 ದಿನಕ್ಕೊಮ್ಮೆ, ಬೇಸಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟು ಬದಲಿಸಬೇಕೆಂಬುದು ಅವನ ವಿಧಿ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಸೊಂಟದ ಉಳುಕು ಹೋಗುತ್ತದೆಂಬ ನಮ್ಮೂರುಗಳ ನಂಬಿಕೆಯಾದರೋ ಯಾವ ಸಂಹಿತೆಯಿಂದ ಬಂದಿತೋ, ದೇವರೇ ಬಲ್ಲ!

ಆಧುನಿಕ ಕಾಲದಲ್ಲಿ ನಿಜವಾದ ತಿರುವು ಬಂದದ್ದು 1965ರಲ್ಲಿ. ಊತವೂ ನೋವೂ ಹೋದ ಮೇಲೂ ಕೆಲವರ ಕಾಲು ನಡೆಯುವಾಗ ಹಠಾತ್ತನೆ ಕೈಕೊಡುವುದೇಕೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಮೂಳೆವೈದ್ಯ ಮೈಕೇಲ್ ಫ್ರೀಮನ್ ಮತ್ತು ಸಂಗಡಿಗರು ಎತ್ತಿಕೊಂಡರು. ರಜ್ಜುವೆಂದರೆ ಬರಿಯ ಹಗ್ಗವಲ್ಲ; ಪಾದ ಯಾವ ಕೋನದಲ್ಲಿದೆಯೆಂದು ಮಿದುಳಿಗೆ ಸುದ್ದಿ ಕಳಿಸುವ ಸೂಕ್ಷ್ಮ ನರತುದಿಗಳು ಅದರಲ್ಲಿವೆ. ರಜ್ಜು ಹರಿದಾಗ ಈ ಸುದ್ದಿಯೂ ಕಡಿಯುತ್ತದೆಂದು ಅವರು ತರ್ಕಿಸಿದರು. ಅಲುಗಾಡುವ ಹಲಗೆಯ ಮೇಲೆ ನಿಂತು ಸಮತೋಲ ಕಾಯ್ದುಕೊಳ್ಳುವ ಅಭ್ಯಾಸ ಮಾಡಿಸಿದಾಗ ಕಾಲು ಕೈಕೊಡುವುದು ಕಡಿಮೆಯಾಯಿತು. ನಾನು ಹುಡುಗನನ್ನು ಮಲಗಿಸಿದ್ದು ಇದಾಗಿ ಎಷ್ಟೋ ವರ್ಷಗಳ ತರುವಾಯ ಎಂಬುದನ್ನು ಓದುಗರು ಗಮನಿಸಬೇಕು.

ಆದರೆ ಲೋಕಪ್ರಸಿದ್ಧವಾದದ್ದು ಬೇರೊಂದು ಸೂತ್ರ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ತಮ್ಮ ಕ್ರೀಡಾವೈದ್ಯದ ಪುಸ್ತಕದಲ್ಲಿ 'ರೈಸ್' ಎಂದರು: ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಷನ್. ಅಂದರೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರಿಸಿಡುವುದು. ಅಕ್ಕಿಯೆಂಬ ಅರ್ಥದ ಹೆಸರು, ಯಾರು ತಾನೇ ಮರೆತಾರು? ನಾನು ಪಾಲಿಸಿದ್ದೂ ಇದನ್ನೇ.

1992ರಲ್ಲಿ ಕೆನಡಾದ ಒಟ್ಟಾವದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು, ಎಲ್ಲ ಉಳುಕಿಗೂ ಎಕ್ಸ್‌-ರೇ ಬೇಡವೆಂದು ನಿಯಮ ರೂಪಿಸಿದರು. ಹರಡಿನ ಎರಡು ಬದಿಯ ಉಬ್ಬುಮೂಳೆಗಳ ಹಿಂಅಂಚನ್ನೋ ತುದಿಯನ್ನೋ ಒತ್ತಿದರೆ ನೋವಾಗುವುದು, ಅಥವಾ ನಾಲ್ಕು ಹೆಜ್ಜೆ ಇಡಲಾಗದಿರುವುದು, ಇವು ಮುಖ್ಯ ಲಕ್ಷಣಗಳು. ಇಂಥ ಲಕ್ಷಣವಿದ್ದರೆ ಮಾತ್ರ ಚಿತ್ರ ತೆಗೆಸಬೇಕು.

2012ರ ವೇಳೆಗೆ ತಜ್ಞರು ಪೂರ್ಣ ವಿಶ್ರಾಂತಿಯ ಬದಲು ಮಿತವಾಗಿ ಭಾರ ಹಾಕುವುದನ್ನು ಸೂತ್ರಕ್ಕೆ ಸೇರಿಸಬೇಕೆಂದರು. 2014ರಲ್ಲಿ ಮಿರ್ಕಿನ್ ತಾವೇ ಬರೆದರು: ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನಗೊಳಿಸಬಹುದು, ನೋವು ತಗ್ಗಿಸಲು ಅಲ್ಪಕಾಲ ಇಡುವುದಾದರೆ ಸರಿ. ತಾನು ಕಟ್ಟಿದ ಸೂತ್ರವನ್ನು ಮೂವತ್ತಾರು ವರ್ಷಗಳ ಬಳಿಕ ತಾನೇ ತಿದ್ದಿದವರನ್ನು ನಾನು ಹೆಚ್ಚು ಕಂಡಿಲ್ಲ. ನಮ್ಮ ವೃತ್ತಿಯಲ್ಲಂತೂ ಅಪರೂಪ.

ಇಂದಿನ ಕ್ರಮ ಹೀಗಿದೆ. ಮೊದಲ ಕೆಲವು ದಿನ ಕಾಲನ್ನು ಕಾಪಾಡುವುದು, ಆಮೇಲೆ ನೋವು ಸಹಿಸುವಷ್ಟು ನಡೆಯುವುದು, ಊತ ಇಳಿದ ಬಳಿಕ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸವನ್ನು ವಾರಗಟ್ಟಲೆ ಮಾಡುವುದು. ಆ ಹುಡುಗನಿಗೆ ಈ ಕೊನೆಯದನ್ನು ನಾವು ಯಾರೂ ಹೇಳಿಕೊಡಲಿಲ್ಲ. ನಮ್ಮ ಶಾಲೆಯಲ್ಲಿ ಒಂಟಿಕಾಲಲ್ಲಿ ನಿಲ್ಲಿಸುತ್ತಿದ್ದದ್ದು ಮನೆಗೆಲಸ ಮಾಡದೆ ಬಂದವರನ್ನು ಮಾತ್ರ.