ಗೆದ್ದರೂ ಉಳಿಯದ ತಂಡಗಳು

2009ರ ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಐಪಿಎಲ್ ಫೈನಲ್‌ನಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡ ರಾಯಲ್ ಚಾಲೆಂಜರ್ಸ್ ಬೆಂಗಳೂರನ್ನು ಆರು ರನ್ನುಗಳಿಂದ ಸೋಲಿಸಿತು. ಆಂಧ್ರದ ಕರ್ನೂಲು ಜಿಲ್ಲೆಯ ಆದವಾನಿ, ಆಲೂರು, ಕೌತಾಳ, ಕೋಸಿಗಿಯ ಕನ್ನಡಿಗರ ಪಾಲಿಗೆ ಗೆದ್ದದ್ದು ರಾಜ್ಯದ ತಂಡ, ಸೋತದ್ದು ಭಾಷೆಯ ತಂಡ. ಮೂರೇ ವರ್ಷ ಕಳೆಯುವಷ್ಟರಲ್ಲಿ ಗೆದ್ದ ತಂಡದ ಬಾಗಿಲು ಮುಚ್ಚಿತು. ಸೋತ ತಂಡ ಇವತ್ತಿಗೂ ಆಡುತ್ತಿದೆ.

ಈ ಇಬ್ಬಂದಿ ಹಳೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಸೇರಿತು. ಹಾಗಾಗಿ ಕರ್ನೂಲು ಜಿಲ್ಲೆಯ ಈ ಪಶ್ಚಿಮದಂಚಿನಲ್ಲಿ ಕೂತು ನೋಡಿದರೆ ಅಳಿದುಹೋದ ತಂಡಗಳ ಚರಿತ್ರೆ ಹೈದರಾಬಾದಿನ ಕಡೆಯಿಂದಲೂ ಬೆಂಗಳೂರಿನ ಕಡೆಯಿಂದಲೂ ಕಾಣುತ್ತದೆ. ಎರಡೂ ಕಡೆ ಸೋತು ಮುಚ್ಚಿದ ತಂಡಗಳು ಕಡಿಮೆ, ಲೆಕ್ಕಪತ್ರ ತಪ್ಪಿ ಮುಚ್ಚಿದವು ಹೆಚ್ಚು.

ಮೊದಲ ಕಾಲ ಫುಟ್‌ಬಾಲಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಡೆಗಳ ತಂಡಗಳೇ ಎತ್ತಿಕೊಂಡು ಹೋಗುತ್ತಿದ್ದ ಆ ಕಪ್ ಭಾರತೀಯರ ತಂಡಕ್ಕೆ ದಕ್ಕಿದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. 1950ರಿಂದ 1954ರವರೆಗೆ ಸತತ ಐದು ಬಾರಿ ಅದೇ ಕಪ್ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಪಾಲಾಯಿತು. ಅದರ ತರಬೇತುದಾರ ಎಸ್.ಎ. ರಹೀಮ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಸೆಮಿಫೈನಲ್ ಮುಟ್ಟಿಸಿದವರು, 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ತಂದುಕೊಟ್ಟವರೂ ಅವರೇ. 1956ರಲ್ಲಿ ರಾಜ್ಯಗಳ ಗಡಿ ಬದಲಾದ ಮೇಲೆ ಸಿಟಿ ಪೊಲೀಸ್ ತಂಡ ಆಂಧ್ರಪ್ರದೇಶ ಪೊಲೀಸ್ ಆಯಿತು. 1963ರಲ್ಲಿ ರಹೀಮ್ ತೀರಿಕೊಂಡರು. ಹೈದರಾಬಾದಿನ ಫುಟ್‌ಬಾಲ್ ಆ ಎತ್ತರಕ್ಕೆ ಮತ್ತೆ ಏರಲಿಲ್ಲ.

ಬೆಂಗಳೂರಿನಲ್ಲಿ ಫುಟ್‌ಬಾಲಿನ ಭಾರ ಹೊತ್ತವು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್‌ನಲ್ಲಿ ಆಟಗಾರನಿಗೆ ಮೊದಲು ನೌಕರಿ, ಆಮೇಲೆ ಆಟ. ಕಾಲು ಸೋತರೂ ಸಂಬಳ ನಿಲ್ಲುತ್ತಿರಲಿಲ್ಲ. ಆದರೆ ವೃತ್ತಿಪರ ಲೀಗಿನ ಖರ್ಚಿಗೂ ಷರತ್ತಿಗೂ ಸರ್ಕಾರಿ ಕಾರ್ಖಾನೆ ಹೊಂದುವುದು ಕಷ್ಟವಾಯಿತು. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಯತ್ನದಲ್ಲೇ ಆ ಲೀಗ್ ಗೆದ್ದಿತು. ಅದರ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಆ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲಿ.

ಹಾಕಿ ಲೀಗುಗಳ ಆಯುಷ್ಯ ಇನ್ನೂ ಕಿರಿದು. 2005ರ ಮೊದಲ ಪ್ರೀಮಿಯರ್ ಹಾಕಿ ಲೀಗ್ ಗೆದ್ದದ್ದು ಹೈದರಾಬಾದ್ ಸುಲ್ತಾನ್ಸ್. 2008ಕ್ಕೆ ಲೀಗೇ ನಿಂತಿತು. ಕರ್ನಾಟಕ ಲಯನ್ಸ್ ಆಡಿದ ವರ್ಲ್ಡ್ ಸೀರೀಸ್ ಹಾಕಿ ನಡೆದದ್ದು 2012ರಲ್ಲಿ, ಒಂದೇ ಸಲ.

ಡೆಕ್ಕನ್ ಚಾರ್ಜರ್ಸ್ ಹಣವಿದ್ದ ಕಾಲದ ತಂಡ. 2008ರಲ್ಲಿ ಡೆಕ್ಕನ್ ಕ್ರಾನಿಕಲ್ ಪತ್ರಿಕಾ ಸಂಸ್ಥೆ 10 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಅದನ್ನು ಕೊಂಡಿತು. ಮೊದಲ ವರ್ಷ ಕೊನೆಯ ಸ್ಥಾನ, ಎರಡನೆಯ ವರ್ಷ ಆಡಮ್ ಗಿಲ್‌ಕ್ರಿಸ್ಟ್ ನಾಯಕತ್ವದಲ್ಲಿ ಕಪ್. 2010ರಲ್ಲಿ ತೆಲಂಗಾಣ ಚಳವಳಿಯಿಂದಾಗಿ ತವರಿನ ಪಂದ್ಯಗಳು ನಾಗಪುರ, ನವಿ ಮುಂಬಯಿ, ಕಟಕ್‌ಗೆ ಹೋದವು. ಅಷ್ಟರಲ್ಲಿ ಮಾಲೀಕರ ಸಾಲ ಬೆಳೆದಿತ್ತು. ₹100 ಕೋಟಿಯ ಬ್ಯಾಂಕ್ ಗ್ಯಾರಂಟಿ ಕೊಡಲಾಗದೆ 2012ರಲ್ಲಿ ತಂಡ ಮುಗಿಯಿತು. ಹಿಂದಿನ ವರ್ಷವಷ್ಟೇ ಕೊಚ್ಚಿ ಟಸ್ಕರ್ಸ್ ಕೂಡ ಬ್ಯಾಂಕ್ ಗ್ಯಾರಂಟಿಯ ವಿಷಯದಲ್ಲೇ, ಒಂದೇ ಋತು ಆಡಿ ಹೊರಬಿದ್ದಿತ್ತು. ಹೈದರಾಬಾದಿನ ಜಾಗಕ್ಕೆ ಸನ್ ಟಿವಿಯ ಸನ್‌ರೈಸರ್ಸ್ ಬಂತು. 2016ರ ಫೈನಲ್‌ನಲ್ಲಿ ಅದೂ ಬೆಂಗಳೂರನ್ನೇ ಸೋಲಿಸಿತು. ಹಳೆಯ ಮಾಲೀಕರ ವ್ಯಾಜ್ಯ ಮಾತ್ರ ತಂಡಕ್ಕಿಂತ ಹೆಚ್ಚು ಕಾಲ ಬದುಕಿತು. 2020ರಲ್ಲಿ ಪಂಚಾಯ್ತಿದಾರರು ಬಿಸಿಸಿಐ ₹4,800 ಕೋಟಿಗೂ ಹೆಚ್ಚು ಕೊಡಬೇಕೆಂದರು. ಮರುವರ್ಷ ಬಾಂಬೆ ಹೈಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು.

ಆದವಾನಿಗೆ ತೀರ ಹತ್ತಿರದ ತಂಡವೆಂದರೆ ಬಳ್ಳಾರಿ ಟಸ್ಕರ್ಸ್. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನ ದಾವಣಗೆರೆ ಡೈಮಂಡ್ಸ್, ಮಲ್ನಾಡ್ ಗ್ಲಾಡಿಯೇಟರ್ಸ್ ಬೇಗ ಮರೆಯಾಗಿದ್ದವು. ಬಳ್ಳಾರಿ ಮಾತ್ರ 2019ರ ಫೈನಲ್‌ವರೆಗೆ ಬಂದು ಹುಬ್ಬಳ್ಳಿ ಟೈಗರ್ಸ್‌ಗೆ ಸೋತಿತು. ಅದೇ ವರ್ಷ ಬೆಂಗಳೂರಿನ ಸಿಸಿಬಿ ಪೊಲೀಸರು ಫಿಕ್ಸಿಂಗ್ ಆರೋಪದ ಮೇಲೆ ಲೀಗಿನ ಆಟಗಾರರನ್ನೂ ಒಬ್ಬ ತಂಡದ ಮಾಲೀಕನನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಫಿಕ್ಸಿಂಗ್ ಅಪ್ರಾಮಾಣಿಕತೆಯೇ ಆದರೂ ದಂಡ ಸಂಹಿತೆಯ 420ನೇ ಸೆಕ್ಷನ್ನಿನ ವಂಚನೆ ಆಗದು ಎಂದು ಪ್ರಕರಣ ರದ್ದುಪಡಿಸಿತು. ಆದರೆ ಲೀಗ್ ಹಳೆಯ ಹೆಸರಿನಲ್ಲಿ ಮರಳಲಿಲ್ಲ. ಅದೇ ವರ್ಷ ಅದರ ಜಾಗಕ್ಕೆ ಮಹಾರಾಜ ಟ್ರೋಫಿ ಬಂತು. ಹುಬ್ಬಳ್ಳಿ ಉಳಿಯಿತು, ಗುಲ್ಬರ್ಗ ಸೇರಿತು, ಬಳ್ಳಾರಿಯ ಹೆಸರಿರಲಿಲ್ಲ.

ಆಂಧ್ರದ ಕಡೆಯೂ 2022ರಲ್ಲೇ ಆಂಧ್ರ ಪ್ರೀಮಿಯರ್ ಲೀಗ್ ಹುಟ್ಟಿತು. ರಾಯಲಸೀಮಾ ಕಿಂಗ್ಸ್, ಬೆಜವಾಡ ಟೈಗರ್ಸ್, ಗೋದಾವರಿ ಟೈಟನ್ಸ್ ಸೇರಿ ಆರು ತಂಡಗಳು. 2025ಕ್ಕೆ ಆ ಹೆಸರುಗಳನ್ನೆಲ್ಲ ಕೈಬಿಟ್ಟು ಏಳು ಹೊಸ ತಂಡ ಕಟ್ಟಿದರು. ಅವುಗಳಲ್ಲಿ ಒಂದು, ಮಂತ್ರಾಲಯದ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರಿನ ತುಂಗಭದ್ರಾ ವಾರಿಯರ್ಸ್.